ಮಾಸ್ತ್-ಒ-ಖಿಯಾರ್: ಒಗ್ಗರಣೆ ಬೇಡದ ಮೊಸರು, ಸೌತೆಕಾಯಿ

ಮೊದಲು ಸಾಸಿವೆ ಡಬ್ಬಿ ಮುಚ್ಚಿಡಿ. ಇಂಗು, ಕರಿಬೇವು, ಹಸಿಮೆಣಸಿನಕಾಯಿ ಕೂಡ ಒಳಗೇ ಇರಲಿ. ಇರಾನಿನವರ ಮಾಸ್ತ್-ಒ-ಖಿಯಾರ್ ಮಾಡುವಾಗ ನಮ್ಮ ಕೈ ತಾನಾಗಿಯೇ ಒಗ್ಗರಣೆ ಸೌಟಿನ ಕಡೆ ಹೋಗುತ್ತದೆ. ಹೋಗಬಾರದು. ಹೋದರೆ ನಮ್ಮ ಮೊಸರುಬಜ್ಜಿಯೇ ಆಗುತ್ತದೆ. ಅದೂ ಚೆನ್ನಾಗಿಯೇ ಇರುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಇವತ್ತಿನ ಅಡುಗೆ ಅದಲ್ಲ.

ಇದರಲ್ಲಿ ಇರುವುದು ಗಟ್ಟಿ ಮೊಸರು, ಎಳೆ ಸೌತೆಕಾಯಿ, ಒಣ ಪುದೀನಾ, ಉಪ್ಪು. ಹಬ್ಬದ ದಿನ ಅಥವಾ ನೆಂಟರು ಬಂದಾಗ ಅಕ್ರೋಟು, ಒಣದ್ರಾಕ್ಷಿ, ಗುಲಾಬಿ ಎಸಳು ಸೇರುತ್ತವೆ. ಒಲೆ ಹಚ್ಚುವ ಕೆಲಸವೇ ಇಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ ತಿನ್ನದವರಿಗೂ ನಡೆಯುತ್ತದೆ. ಇಷ್ಟು ಸುಲಭದ್ದಕ್ಕೆ ಇಷ್ಟುದ್ದ ಬರೆಯುವುದು ಯಾಕೆ ಅಂದರೆ, ಇದರ ಗುಟ್ಟೆಲ್ಲ ನೀರಿನಲ್ಲಿದೆ. ಮೊಸರೂ ನೀರು ಬಿಡುತ್ತದೆ, ಸೌತೆಕಾಯಿಯೂ ನೀರು ಬಿಡುತ್ತದೆ. ಎರಡನ್ನೂ ಹಿಡಿತದಲ್ಲಿ ಇಟ್ಟುಕೊಂಡರೆ ಅರ್ಧ ಗೆದ್ದಂತೆ. ಉಳಿದರ್ಧ ಪುದೀನಾ.

ನಾನು ಧಾರವಾಡದ ಕಡೆಯವಳು. ಈಗ ಇರುವುದು ಲಾಸ್ ಏಂಜಲೀಸ್‌ನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ. 1979ರ ಕ್ರಾಂತಿಯ ಆಸುಪಾಸು ಇರಾನಿನಿಂದ ಬಂದು ನೆಲೆಸಿದವರು ಈ ಊರಲ್ಲಿ ಬಹಳ. ವೆಸ್ಟ್‌ವುಡ್ ಬುಲೆವಾರ್ಡ್‌ಗೆ ಹೋದರೆ ಎಷ್ಟೋ ಅಂಗಡಿ ಬೋರ್ಡುಗಳು ಅವರ ಫಾರ್ಸಿ ಭಾಷೆಯಲ್ಲೇ ಇರುತ್ತವೆ. ನಮ್ಮ ಕೆಳಗಿನ ಮನೆಯಲ್ಲಿರುವ ಹಿರಿಯರು ಇಸ್ಫಹಾನಿನವರು. ನನಗಿಂತ ತುಂಬಾ ದೊಡ್ಡವರು, ಹೆಸರು ಹಿಡಿದು ಕರೆಯಲು ಬಾಯಿ ಬರುವುದಿಲ್ಲ. ಖಾನೂಮ್, ಅಂದರೆ ಅಮ್ಮಾವರೇ, ಅನ್ನುತ್ತೇನೆ. ಅವರು ನನ್ನನ್ನು ಅಜೀಜಂ, ಅಂದರೆ ನನ್ನ ಪ್ರೀತಿಯವಳೇ, ಅನ್ನುತ್ತಾರೆ. ಈ ಅಡುಗೆ ಕಲಿಸಿದ್ದು ಅವರೇ. ಅಳತೆ ಕೇಳಿದರೆ ಮಾತ್ರ ಕೈ ತೋರಿಸಿ "ಇಷ್ಟು" ಅನ್ನುತ್ತಾರೆ. ನಮ್ಮ ಅವ್ವನ ಹತ್ತಿರ ಕಲಿತವರಿಗೆ ಆ ಭಾಷೆ ಹೊಸದೇನಲ್ಲ. ಕೆಳಗಿನ ಅಳತೆ ನಾನು ಚಮಚಕ್ಕೆ ಇಳಿಸಿಕೊಂಡದ್ದು.

ನಾಲ್ಕು ಜನಕ್ಕೆ ಬೇಕಾದದ್ದು:

ಮನೆಯ ಮೊಸರು ಮುಕ್ಕಾಲು ಕೆಜಿ (ನೀರು ಇಳಿದ ಮೇಲೆ ಅರ್ಧ ಕೆಜಿ ಆಸುಪಾಸು ಉಳಿಯುತ್ತದೆ)
ಎಳೆ ಸೌತೆಕಾಯಿ 250 ಗ್ರಾಂ
ಒಣ ಪುದೀನಾ ಒಂದು ದೊಡ್ಡ ಚಮಚ
ಉಪ್ಪು ಮುಕ್ಕಾಲು ಚಿಕ್ಕ ಚಮಚ, ಕಾಳುಮೆಣಸಿನ ಪುಡಿ ಚಿಟಿಕೆ
ಸಬ್ಬಸಿಗೆ ಸೊಪ್ಪು, ಸಣ್ಣಗೆ ಹೆಚ್ಚಿದ್ದು ಎರಡು ಚಮಚ
ಅಕ್ರೋಟು ಒಂದು ಸಣ್ಣ ಹಿಡಿ, ಒಣದ್ರಾಕ್ಷಿ ಎರಡು ಚಮಚ
ಒಣಗಿದ ಗುಲಾಬಿ ಎಸಳು, ಇದ್ದರೆ

ಮೊಸರಿನಿಂದ ಶುರು ಮಾಡೋಣ. ಕೆನೆ ತೆಗೆಯದ ಹಾಲಿನ ಮೊಸರೇ ಆಗಬೇಕು. ಎಮ್ಮೆ ಹಾಲಿನದಾದರೆ ಇನ್ನೂ ಒಳ್ಳೆಯದು. ತುಂಬಾ ಹುಳಿ ಬಂದಿರಬಾರದು. ಬೇಸಿಗೆಯಲ್ಲಿ ಹೆಪ್ಪು ಹಾಕಿ ಐದಾರು ಗಂಟೆಗೆ ಗಟ್ಟಿಯಾದ ಕೂಡಲೇ ಫ್ರಿಜ್‌ಗೆ ಸೇರಿಸಿ. ಇರಾನಿನವರಿಗೆ ಸ್ವಲ್ಪ ಹುಳಿ ಇದ್ದರೆ ಇಷ್ಟವೇ. ಆದರೆ ನಮ್ಮ ಕಡೆ ಏಪ್ರಿಲ್‌ನಲ್ಲಿ ಹೊರಗಿಟ್ಟ ಮೊಸರಿನ ಹುಳಿ ಬೇರೆ, ಅದು ಪುದೀನಾದ ವಾಸನೆಯನ್ನೇ ನುಂಗಿಹಾಕುತ್ತದೆ. ಹುಳಿ ಮುಂದಾಗಿದ್ದರೆ ಒಂದೆರಡು ಚಮಚ ತಾಜಾ ಕೆನೆ ಬೆರೆಸಿ.

ತೆಳು ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ ಜಾಲರಿಯ ಮೇಲೆ ಹಾಸಿ, ಮೊಸರು ಸುರಿದು, ಕೆಳಗೆ ಪಾತ್ರೆ ಇಟ್ಟು ಫ್ರಿಜ್‌ನಲ್ಲಿಡಿ. ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯವರಿಗೆ ಶ್ರೀಖಂಡಕ್ಕೆ ಚಕ್ಕಾ ಕಟ್ಟಿ ಅಭ್ಯಾಸ ಇರುತ್ತದೆ, ರಾತ್ರಿಯಿಡೀ ತೂಗುಹಾಕಿಬಿಡುತ್ತಾರೆ. ಇಲ್ಲಿ ಅಷ್ಟು ಬೇಡ. ಎರಡು ಗಂಟೆ ಸಾಕು, ಎಮ್ಮೆ ಹಾಲಿನದಾದರೆ ಒಂದೇ ಗಂಟೆ. ನೋಡುವ ಬಗೆ ಇದು: ಮೊಸರಿನ ನಡುವೆ ಚಮಚದಿಂದ ಒಂದು ಗೆರೆ ಎಳೆಯಿರಿ. ಎಳೆದ ಕೂಡಲೇ ಮುಚ್ಚಿಕೊಂಡರೆ ಇನ್ನೂ ನೀರಿದೆ. ಗೆರೆಯ ದಂಡೆ ಹಾಗೇ ನಿಂತು, ತಳದಲ್ಲಿ ಮಾತ್ರ ನಿಧಾನಕ್ಕೆ ತೇವ ಕೂಡಿದರೆ ಸರಿಯಾಗಿದೆ. ದಂಡೆ ಬಿರುಕು ಬಿಟ್ಟು ಒಣಗಿದಂತೆ ಕಂಡರೆ ಚಕ್ಕಾ ಆಗಿಹೋಗಿದೆ. ಆಗ ಇಳಿದ ನೀರನ್ನೇ ಎರಡು ಚಮಚ ವಾಪಸ್ ಸೇರಿಸಿ.

ಇಳಿದ ನೀರು ಚೆಲ್ಲಬೇಡಿ. ಚಪಾತಿ ಹಿಟ್ಟು ನಾದಲು ಬಹಳ ಚಲೋ.

ಅಂಗಡಿಯ ಗ್ರೀಕ್ ಯೋಗರ್ಟ್ ತಂದರೆ ಸೋಸುವ ಕೆಲಸ ತಪ್ಪುತ್ತದೆ. ಆದರೆ ಬರೀ ಅದನ್ನೇ ಹಾಕಿದರೆ ನಾಲಿಗೆಗೆ ಅಂಟುತ್ತದೆ, ಅರ್ಧಕ್ಕರ್ಧ ಸಾದಾ ಮೊಸರು ಬೆರೆಸಿಕೊಳ್ಳಿ. ಮಿಕ್ಸಿಗೆ ಮಾತ್ರ ಯಾವ ಮೊಸರನ್ನೂ ಹಾಕಬೇಡಿ. ಹೆಪ್ಪು ಪೂರ್ತಿ ಒಡೆದು ಮಜ್ಜಿಗೆ ಹದಕ್ಕೆ ಬಂದುಬಿಡುತ್ತದೆ. ಚಮಚದಲ್ಲಿ ಹತ್ತಿಪ್ಪತ್ತು ಸುತ್ತು ತಿರುಗಿಸಿದರೆ ಸಾಕು.

ಇನ್ನು ಸೌತೆಕಾಯಿ. ಕರಾವಳಿಯವರಿಗೆ ಒಂದು ಮಾತು: ಇದು ಸಾಂಬಾರಿನ ಮಂಗಳೂರು ಸೌತೆಯಲ್ಲ, ಹಸಿಯಾಗಿ ತಿನ್ನುವ ಮುಳ್ಳುಸೌತೆ. ಇರಾನಿನ ಸೌತೆಕಾಯಿ ಗೇಣುದ್ದಕ್ಕಿಂತ ಚಿಕ್ಕದು, ಸಿಪ್ಪೆ ತೆಳು, ಬೀಜ ಇದ್ದೂ ಇಲ್ಲದ ಹಾಗೆ. ಅವರು ಅದನ್ನು ತರಕಾರಿ ಅಂತ ನೋಡುವುದೇ ಕಡಿಮೆ. ಖಾನೂಮ್ ಮನೆಗೆ ಹೋದರೆ ಹಣ್ಣಿನ ತಟ್ಟೆಯಲ್ಲಿ ಸೇಬು, ಕಿತ್ತಳೆ ಪಕ್ಕ ಸೌತೆಕಾಯಿ ಇರುತ್ತದೆ. ಜೊತೆಗೊಂದು ಚಿಕ್ಕ ಚಾಕು, ಒಂದು ಉಪ್ಪಿನ ಡಬ್ಬಿ. ಟೀ ಬರುವಷ್ಟರಲ್ಲಿ ಒಂದು ಸೌತೆಕಾಯಿ ಮುಗಿದಿರುತ್ತದೆ.

ನಿಮ್ಮೂರ ಸಂತೆಯಲ್ಲಿ ಸಿಗುವ ಎಳೆಯ, ಬೆರಳು ದಪ್ಪಕ್ಕಿಂತ ತುಸು ಹೆಚ್ಚಿರುವ ಸೌತೆಕಾಯಿಯೇ ಆಗುತ್ತದೆ. ಬಲಿತದ್ದಾದರೆ ಉದ್ದಕ್ಕೆ ಸೀಳಿ, ಚಮಚದಿಂದ ಬೀಜದ ತಿರುಳು ಕೆರೆದು ತೆಗೆಯಿರಿ, ಸಿಪ್ಪೆಯನ್ನೂ ಹೆರೆಯಿರಿ. ತೊಟ್ಟಿನ ತುದಿ ಕತ್ತರಿಸಿ ನೊರೆ ಬರುವ ತನಕ ಉಜ್ಜುವುದು ನಮ್ಮೆಲ್ಲರಿಗೂ ರೂಢಿ. ಉಜ್ಜಿ, ಬೇಡ ಅನ್ನುವುದಿಲ್ಲ. ಆದರೆ ನನ್ನ ನಂಬಿಕೆ ಇರುವುದು ರುಚಿ ನೋಡುವುದರ ಮೇಲೆ. ಕಹಿ ಇದ್ದರೆ ತೊಟ್ಟಿನ ಕಡೆ ಮತ್ತು ಸಿಪ್ಪೆಯಲ್ಲೇ ಜಾಸ್ತಿ ಇರುತ್ತದೆ. ಆ ಕಡೆಯಿಂದ ಒಂದು ಚೂರು ತಿಂದು ನೋಡಿ. ಒಂದೇ ಒಂದು ಕಹಿ ಸೌತೆಕಾಯಿ ಇಡೀ ಬಟ್ಟಲನ್ನು ಕೆಡಿಸುತ್ತದೆ. ಆಮೇಲೆ ಸಕ್ಕರೆ ಹಾಕಿ ಸರಿಮಾಡಲು ಆಗುವುದಿಲ್ಲ.

ಹೆಚ್ಚಬೇಕೋ ತುರಿಯಬೇಕೋ? ಇರಾನಿನಲ್ಲಿ ಎರಡೂ ಉಂಟು. ತುರಿದರೆ ಮೊಸರಿನಲ್ಲಿ ಬೆರೆತು ಮೆತ್ತಗಾಗುತ್ತದೆ, ರೊಟ್ಟಿಯಲ್ಲಿ ಬಾಚಿಕೊಂಡು ತಿನ್ನಲು ಚೆನ್ನ. ಆದರೆ ತುರಿದ ಸೌತೆಕಾಯಿ ಸಿಕ್ಕಾಪಟ್ಟೆ ನೀರು ಬಿಡುತ್ತದೆ. ಚಿಟಿಕೆ ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಲೇಬೇಕು. ಖಾನೂಮ್ ತುರಿಯುವುದಿಲ್ಲ. ಕಡಲೆಬೇಳೆ ಗಾತ್ರಕ್ಕೆ ಹೆಚ್ಚುತ್ತಾರೆ, ಅದೂ ಹಲಗೆ ಇಲ್ಲದೆ. ಸೌತೆಕಾಯಿಯನ್ನು ಎಡಗೈಯಲ್ಲಿ ನೆಟ್ಟಗೆ ಹಿಡಿದು, ಮೇಲಿನಿಂದ ಚಾಕುವಿನಲ್ಲಿ ಅಡ್ಡಡ್ಡ, ಉದ್ದುದ್ದ ಗೀರು ಹಾಕಿ, ಆಮೇಲೆ ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತಾ ಬರುತ್ತಾರೆ. ಚೂರುಗಳು ನೇರ ಬಟ್ಟಲಿಗೇ ಉದುರುತ್ತವೆ. ನೀವು ಹಲಗೆ ಬಳಸಿ. ನಾನೂ ಹಲಗೆಯೇ ಬಳಸುತ್ತೇನೆ. ಹೆಚ್ಚಿದರೆ ಹಿಂಡುವ ಗೊಡವೆ ಇಲ್ಲ, ಹಲ್ಲಿಗೆ ಕರುಂ ಅಂತ ಸಿಗುತ್ತದೆ. ನನ್ನ ಓಟು ಹೆಚ್ಚಿದ್ದಕ್ಕೇ.

ಈಗ ಪುದೀನಾ. ಇಲ್ಲಿ ಸ್ವಲ್ಪ ನಿಧಾನ ಮಾಡೋಣ.

ಹಸಿ ಪುದೀನಾ ಮನೆಯಲ್ಲೇ ಇರುವಾಗ ಒಣಗಿದ್ದು ಯಾಕೆ ಅಂತ ಅನ್ನಿಸುತ್ತದೆ. ಹಸಿಯದು ಹಾಕಿದರೆ ಚಟ್ನಿಯ ಕಡೆ ವಾಲುತ್ತದೆ. ಕೊಚ್ಚಿದ ಅಂಚು ಕಪ್ಪಾಗುತ್ತದೆ, ವಾಸನೆ ಒಮ್ಮೆ ಮೂಗಿಗೆ ಹೊಡೆದು ಇಳಿದುಹೋಗುತ್ತದೆ. ಒಣಗಿದ್ದು ಮೊಸರಿನ ತೇವ ಹೀರಿಕೊಂಡು ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ಮೊದಲ ತುತ್ತಿನಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ, ಮೂರನೆಯದಕ್ಕೆ ಗಂಟಲಲ್ಲಿ ತಂಪು ಕೂರುತ್ತದೆ. ಹಸಿಯ ನಾಲ್ಕೆಲೆ ಮೇಲೆ ಉದುರಿಸಿ, ತಪ್ಪಿಲ್ಲ. ಆದರೆ ಒಳಗೆ ಒಣಗಿದ್ದೇ ಇರಲಿ.

ಮನೆಯಲ್ಲೇ ಒಣಗಿಸಬಹುದು. ಎಲೆ ಬಿಡಿಸಿ, ತೊಳೆದು, ಬಟ್ಟೆಯ ಮೇಲೆ ಹರಡಿ ನೀರು ಪೂರ್ತಿ ಒರೆಸಿ, ನೆರಳಲ್ಲಿ ಫ್ಯಾನಿನ ಕೆಳಗೆ ಬಿಡಿ. ಬಿಸಿಲಿಗೆ ಇಟ್ಟರೆ ಬಣ್ಣವೂ ಹೋಗುತ್ತದೆ, ಘಮವೂ ಹೋಗುತ್ತದೆ. ಎರಡು ಮೂರು ದಿನಕ್ಕೆ ಹಿಡಿದರೆ ಪುಡಿಯಾಗುವಂತೆ ಆಗುತ್ತದೆ. ಮಳೆಗಾಲದಲ್ಲಿ ಇನ್ನೂ ಒಂದೆರಡು ದಿನ ಹಿಡಿದೀತು. ಒಣಗಿದ ಎಲೆ ಇಡಿಯಾಗಿಯೇ ಗಾಜಿನ ಬಾಟಲಿಯಲ್ಲಿ ತುಂಬಿಡಿ. ಮೊದಲೇ ಪುಡಿ ಮಾಡಿ ಇಟ್ಟರೆ ತಿಂಗಳೊಪ್ಪತ್ತಿನಲ್ಲಿ ಹುಲ್ಲಿನ ಪುಡಿ ಆಗಿರುತ್ತದೆ. ಅಂಗಡಿಯಲ್ಲಿ ಕೊಳ್ಳುವುದಾದರೆ ಹಸಿರು ಉಳಿದಿರುವುದನ್ನು ನೋಡಿ ತನ್ನಿ. ಕಂದು ತಿರುಗಿದ್ದರೆ ಹಳೆಯದು.

ಹಾಕುವ ಹೊತ್ತಿಗೆ ಎಲೆಯನ್ನು ಎಡ ಅಂಗೈಗೆ ಸುರಿದುಕೊಳ್ಳಿ. ಬಲಗೈಯ ಬುಡದಿಂದ ಒತ್ತಿ ಗಿರ್ರನೆ ತಿಕ್ಕಿ. ಮೊದಲು ಸರಸರ ಸದ್ದು, ಆಮೇಲೆ ಸದ್ದು ನಿಂತು ಕೈಗೆ ಬಿಸಿ ಹತ್ತುತ್ತದೆ. ಆಗ ವಾಸನೆ ಏಳುತ್ತದೆ. ಪುಡಿ ಬಟ್ಟಲಿಗೆ ಉದುರಿ, ಅಂಗೈಯಲ್ಲಿ ದಂಟಿನ ಚೂರುಗಳು ಮಾತ್ರ ಉಳಿಯುತ್ತವೆ. ಅವನ್ನು ಹಾಕಬೇಡಿ, ಹಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತವೆ. ಮಿಕ್ಸಿಯಲ್ಲಿ ಪುಡಿ ಮಾಡಿದರೆ ಈ ಬೇರ್ಪಡಿಸುವ ಕೆಲಸವೇ ಆಗುವುದಿಲ್ಲ.

ಹಾಗಂತ ಇರಾನಿನವರಿಗೆ ಒಗ್ಗರಣೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ಒಣ ಪುದೀನಾವನ್ನು ಬಿಸಿ ಎಣ್ಣೆಯಲ್ಲಿ ಕೆಲವೇ ಕ್ಷಣ ಆಡಿಸಿ ಮೇಲೆ ಸುರಿಯುವ ನಾನಾ-ದಾಗ್ ಅಂತ ಇದೆ. ಬದನೆಕಾಯಿಯ ಕಶ್ಕ್-ಎ-ಬಾದೆಂಜಾನ್, ಬೇಳೆಕಾಳು ಸೊಪ್ಪಿನ ಆಶ್-ಎ-ರೆಶ್ತೆ, ಇವಕ್ಕೆ ಅದು ಬೇಕೇ ಬೇಕು. ಕಣ್ಣು ತಪ್ಪಿದರೆ ಕಹಿಯಾಗುತ್ತದೆ, ನಮ್ಮ ಕೆಂಪು ಮೆಣಸಿನಕಾಯಿ ಒಗ್ಗರಣೆಯಷ್ಟೇ ಅವಸರದ್ದು. ಆದರೆ ಈ ತಣ್ಣನೆಯ ಬಟ್ಟಲಿಗೆ ಅದನ್ನು ತರುವುದಿಲ್ಲ. ಕೇಳಿದೆ. ಖಾನೂಮ್ ಹುಬ್ಬು ಏರಿಸಿದರು, ಉತ್ತರ ಕೊಡಲಿಲ್ಲ.

ಅಕ್ರೋಟು, ದ್ರಾಕ್ಷಿ ಯಾಕೆ ಅನ್ನುವುದಕ್ಕೆ ಮಾತ್ರ ಅವರ ಹತ್ತಿರ ಉದ್ದದ ಉತ್ತರ ಇದೆ. ಇರಾನಿನ ಮನೆಗಳಲ್ಲಿ ತಿನ್ನುವ ಪದಾರ್ಥವನ್ನೆಲ್ಲ ಗರ್ಮ್, ಸರ್ದ್ ಅಂತ ಎರಡು ಪಾಲು ಮಾಡುತ್ತಾರೆ. ಉಷ್ಣ, ತಂಪು ಅಂತ ನಾವು ಮಾಡುವ ಹಾಗೇ. ಮೊಸರೂ ಸರ್ದ್, ಸೌತೆಕಾಯಿಯೂ ಸರ್ದ್. ಎರಡು ತಂಪು ಕೂಡಿದರೆ ಹೊಟ್ಟೆಗೆ ಭಾರ ಅಂತ ಲೆಕ್ಕ. ಅದಕ್ಕೆ ಗರ್ಮ್ ಆದ ಪುದೀನಾ, ಅಕ್ರೋಟು, ದ್ರಾಕ್ಷಿ ಸೇರಿಸಿ ತಕ್ಕಡಿ ಸರಿ ಮಾಡುತ್ತಾರೆ. ಮೀನಿನ ಜೊತೆ ಮೊಸರು ಬೇಡ ಅನ್ನುವ ಮಾತು ಅಲ್ಲೂ ಇದೆ. ಆಯುರ್ವೇದದ ಪ್ರಕಾರ ಮೊಸರು ಉಷ್ಣ ಅಂತ ನಾನು ಹೇಳಿದೆ. ಅವರು ಒಪ್ಪಲಿಲ್ಲ. ಆ ವಾದ ಇನ್ನೂ ಮುಗಿದಿಲ್ಲ. ಲೆಕ್ಕ ಯಾವುದೇ ಇರಲಿ, ಹುಳಿ ಮೊಸರಿನ ನಡುವೆ ಒಂದು ಸಿಹಿ ದ್ರಾಕ್ಷಿ ಸಿಗುವುದು ನಾಲಿಗೆಗೆ ಒಳ್ಳೆಯದೇ.

ಒಣದ್ರಾಕ್ಷಿಗೆ ನಮ್ಮ ವಿಜಯಪುರದ ಹಸಿರು ದ್ರಾಕ್ಷಿ ಸಾಕು, ಹೊರಗಿನದು ಹುಡುಕಬೇಡಿ. ತೊಳೆದು ಹಾಗೇ ಹಾಕಿ, ನೆನೆಸುವುದು ಬೇಡ. ಮೊಸರಿನ ತೇವದಲ್ಲೇ ಉಬ್ಬುತ್ತವೆ. ಅಕ್ರೋಟನ್ನು ಕೈಯಲ್ಲೇ ಮುರಿಯಿರಿ. ಅದನ್ನು ಬಡಿಸುವ ಹೊತ್ತಿಗಷ್ಟೇ ಹಾಕಬೇಕು. ಮೊದಲೇ ಬೆರೆಸಿಟ್ಟರೆ ಅದರ ಸಿಪ್ಪೆಯ ಒಗರು ಬಿಟ್ಟುಕೊಂಡು ಬಿಳಿ ಮೊಸರು ಬೂದಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ತಿನ್ನಲು ಅಡ್ಡಿಯಿಲ್ಲ, ನೋಡಲು ಮಾತ್ರ ಹಳಸಿದಂತೆ ಕಾಣುತ್ತದೆ.

ಸಬ್ಬಸಿಗೆ ಸೊಪ್ಪು ನಮಗೆ ಅಕ್ಕಿ ರೊಟ್ಟಿಯಿಂದ ಪರಿಚಯ. ಇರಾನಿನವರಿಗೂ ಅದು ಶೆವಿದ್ ಅಂತ ದಿನನಿತ್ಯದ ಸೊಪ್ಪು, ಅನ್ನಕ್ಕೇ ಕೈತುಂಬ ಸುರಿಯುತ್ತಾರೆ. ಇಲ್ಲಿ ಎರಡು ಚಮಚ ಮೀರಬೇಡಿ. ಎಲೆಯ ಎಳೆ ಮಾತ್ರ, ದಂಟು ಬೇಡ. ಕೊತ್ತಂಬರಿ ಹಾಕಬೇಡಿ ದಯವಿಟ್ಟು. ಹಾಕಿದ ಕ್ಷಣವೇ ರಾಯತ ಆಗಿಬಿಡುತ್ತದೆ.

ಎಲ್ಲ ಸಿದ್ಧವಾದ ಮೇಲೆ ಬೆರೆಸುವುದು ಐದು ನಿಮಿಷದ ಕೆಲಸ. ಮೊಸರಿಗೆ ಪುದೀನಾದ ಮುಕ್ಕಾಲು ಭಾಗ, ಸಬ್ಬಸಿಗೆ, ಕಾಳುಮೆಣಸು, ದ್ರಾಕ್ಷಿ ಹಾಕಿ ತಿರುಗಿಸಿ, ಮುಚ್ಚಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಈ ಅರ್ಧ ಗಂಟೆ ಬಿಡಬೇಡಿ, ಪುದೀನಾ ಬಿಚ್ಚಿಕೊಳ್ಳುವುದು ಆಗಲೇ. ಊಟಕ್ಕೆ ಕೂರುವ ಮೊದಲು ಸೌತೆಕಾಯಿ ಹೆಚ್ಚಿ ಹಾಕಿ. ಉಪ್ಪು ಎಲ್ಲಕ್ಕಿಂತ ಕೊನೆಗೆ. ಉಪ್ಪು ತಾಗಿದ ಕೂಡಲೇ ಸೌತೆಕಾಯಿ ನೀರು ಬಿಡಲು ಶುರು ಮಾಡುತ್ತದೆ. ತುರಿದು ಉಪ್ಪು ಹಾಕಿ ಹಿಂಡಿದ್ದರೆ ಉಪ್ಪು ಕಡಿಮೆ ಮಾಡಿ, ರುಚಿ ನೋಡಿ ಹಾಕಿ. ಅಕ್ರೋಟು ಬೆರೆಸಿ, ಅಗಲದ ಬಟ್ಟಲಿಗೆ ಸುರಿದು ಚಮಚದ ಬೆನ್ನಿನಿಂದ ಮೇಲ್ಭಾಗ ಸವರಿ. ಉಳಿದ ಪುದೀನಾವನ್ನು ಒಂದು ಗೆರೆಯಾಗಿ ಉದುರಿಸಿ. ಗುಲಾಬಿ ಎಸಳನ್ನು ಬೆರಳಲ್ಲಿ ಪುಡಿ ಮಾಡಿ ಮೇಲೆ ಚೆಲ್ಲಿ.

ಗುಲಾಬಿ ಬಗ್ಗೆ ಒಂದೇ ಮಾತು. ಇರಾನಿನಲ್ಲಿ ಕಾಶಾನ್ ಹತ್ತಿರದ ಖಮ್ಸರ್ ಊರಿನ ಗುಲಾಬಿ ಹೆಸರುವಾಸಿ. ಮೇ ತಿಂಗಳಲ್ಲಿ ಹೂ ಕೊಯ್ದು ಅಲ್ಲಿ ಪನ್ನೀರು ಭಟ್ಟಿ ಇಳಿಸುತ್ತಾರೆ. ನಮ್ಮಲ್ಲಿ ಹಾಕುವುದಾದರೆ ತಿನ್ನಲೆಂದೇ ಒಣಗಿಸಿ ಮಾರುವ ಎಸಳನ್ನೇ ಕೊಳ್ಳಿ. ಹೂವಿನ ಅಂಗಡಿಯ ಗುಲಾಬಿಗೆ ಔಷಧಿ ಹೊಡೆದಿರುತ್ತಾರೆ. ಸಿಗದಿದ್ದರೆ ಬಿಟ್ಟುಬಿಡಿ. ಗುಲ್ಕಂದ್ ಹಾಕುವ ಯೋಚನೆ ಬಂದರೆ ಅದನ್ನೂ ಬಿಟ್ಟುಬಿಡಿ.

ಬಳ್ಳೊಳ್ಳಿ? ಕೆಲವು ಮನೆಗಳಲ್ಲಿ ಅರ್ಧ ಎಸಳು ಜಜ್ಜಿ ಹಾಕುತ್ತಾರೆ. ಬಳ್ಳೊಳ್ಳಿ ಜೊತೆ ಆಲಿವ್ ಎಣ್ಣೆಯೂ ಸೇರಿದರೆ ಗ್ರೀಕರ ಜಾಟ್ಜಿಕಿ ಕಡೆ ಹೋಗುತ್ತದೆ. ಬಳ್ಳೊಳ್ಳಿ ಥರದ ಖಾರ ಬೇಕು ಅನ್ನುವವರಿಗೆ ಇರಾನಿನಲ್ಲೇ ಮಾಸ್ತ್-ಒ-ಮೂಸೀರ್ ಅಂತ ಬೇರೆಯೇ ಇದೆ. ಮೂಸೀರ್ ಅಂದರೆ ಅಲ್ಲಿನ ಜಾಗ್ರೋಸ್ ಬೆಟ್ಟಗಳಲ್ಲಿ ತಾನಾಗಿ ಬೆಳೆಯುವ ಒಂದು ಬಗೆಯ ಚಿಕ್ಕ ಉಳ್ಳಾಗಡ್ಡಿ. ಒಣಗಿದ ಬಿಲ್ಲೆಗಳು ಪ್ಯಾಕೆಟ್‌ನಲ್ಲಿ ಬರುತ್ತವೆ. ರಾತ್ರಿಯಿಡೀ ನೆನೆಸಿ, ನೀರು ಬದಲಿಸಿ, ಗಟ್ಟಿ ತುದಿ ಕತ್ತರಿಸಿ ಕೊಚ್ಚಿ, ಚಕ್ಕಾದಷ್ಟು ಗಟ್ಟಿ ಮೊಸರಿಗೆ ಬೆರೆಸಿ ಒಂದು ದಿನ ಬಿಟ್ಟು ತಿನ್ನಬೇಕು. ಸಾದಾ ಉಳ್ಳಾಗಡ್ಡಿಯಲ್ಲಿ ಅದು ಆಗುವುದಿಲ್ಲ.

ಬಡಿಸುವುದು ಯಾವುದರ ಜೊತೆ? ಇಲ್ಲಿನ ಹೋಟೆಲುಗಳಲ್ಲಿ ಊಟಕ್ಕೆ ಮೊದಲು ಬಿಸಿ ರೊಟ್ಟಿ ಜೊತೆ ತಂದಿಡುತ್ತಾರೆ. ಮನೆಯಲ್ಲಿ ಹಾಗಲ್ಲ. ಅನ್ನದ ಪಕ್ಕದಲ್ಲೇ ಇರುತ್ತದೆ, ಊಟ ಮುಗಿಯುವ ತನಕ ಕೈಯಿಂದ ಕೈಗೆ ದಾಟುತ್ತಿರುತ್ತದೆ. ಬೀನ್ಸ್ ಹಾಕಿದ ಲೂಬಿಯಾ ಪೊಲೊ (ಪೊಲೊ ಅಂದರೆ ಪಲಾವ್ ಥರದ ಅನ್ನ), ಬೇಳೆಕಾಳಿನ ಅದಸ್ ಪೊಲೊ, ಕಬಾಬ್, ಎಲ್ಲಕ್ಕೂ ಹೊಂದುತ್ತದೆ. ಪಕ್ಕದಲ್ಲಿ ಒಂದು ತಟ್ಟೆ ತುಂಬ ಹಸಿ ಸೊಪ್ಪು, ಮೂಲಂಗಿ ಇರಲೇಬೇಕು. ಅದನ್ನು ಸಬ್ಜಿ ಖೋರ್ದನ್ ಅನ್ನುತ್ತಾರೆ. ಜೋಳದ ರೊಟ್ಟಿ ಊಟಕ್ಕೆ ಹಸಿ ಮೆಂತ್ಯೆ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ, ಸೌತೆಕಾಯಿ ಬಡಿಸಿಕೊಂಡು ಬೆಳೆದ ನನಗೆ ಆ ತಟ್ಟೆ ನೋಡಿ ವಿಚಿತ್ರ ಏನೂ ಅನ್ನಿಸಲಿಲ್ಲ. ನಮ್ಮ ಮನೆಯಲ್ಲಿ ಇದು ತರಕಾರಿ ಪಲಾವ್ ಜೊತೆ ಜಾಸ್ತಿ ಆಗುತ್ತದೆ. ಬಿಸಿಬೇಳೆಬಾತ್ ಜೊತೆ ಮಾತ್ರ ಬೇಡ. ಅದರ ಮಸಾಲೆಯ ಮುಂದೆ ಪುದೀನಾ ನಿಲ್ಲುವುದಿಲ್ಲ.

ಫ್ರಿಜ್‌ನಲ್ಲಿ ಮರುದಿನದವರೆಗೆ ಇರುತ್ತದೆ. ನೀರು ಬಿಟ್ಟಿರುತ್ತದೆ, ತಿರುಗಿಸಿ ತಿನ್ನಿ. ಮುಂಚಿತವಾಗಿ ಮಾಡಿಡುವುದಾದರೆ ಸೌತೆಕಾಯಿ, ಉಪ್ಪು, ಅಕ್ರೋಟು ಹೊರಗಿಡಿ. ಪುದೀನಾ ಬೆರೆತ ಮೊಸರು ಮಾತ್ರ ಎರಡು ದಿನ ಆರಾಮಾಗಿ ಇರುತ್ತದೆ.

ಉಳಿದದ್ದಕ್ಕೆ ಬೇಸಿಗೆಯಲ್ಲಿ ಇನ್ನೊಂದು ದಾರಿ ಇದೆ. ಆಬ್ ದೂಗ್ ಖಿಯಾರ್ ಅನ್ನುತ್ತಾರೆ. ವುಡ್‌ಲ್ಯಾಂಡ್ ಹಿಲ್ಸ್ ಎಂದರೆ ಸಾಧಾರಣ ಬಿಸಿಲಲ್ಲ, 2020ರ ಸೆಪ್ಟೆಂಬರ್‌ನಲ್ಲಿ 49 ಡಿಗ್ರಿ ದಾಟಿತ್ತು. ಅಂಥ ಮಧ್ಯಾಹ್ನಕ್ಕೆ ಇದೊಂದೇ ಊಟ ಸಾಕು. ಮಾಸ್ತ್-ಒ-ಖಿಯಾರ್‌ಗೆ ಅಷ್ಟೇ ಪ್ರಮಾಣದ ತಣ್ಣೀರು ಹಾಕಿ ಕಡೆಯಿರಿ, ಮಜ್ಜಿಗೆಗಿಂತ ತುಸು ಗಟ್ಟಿ ಇರಲಿ. ಇನ್ನೊಂದು ಸೌತೆಕಾಯಿ ಹೆಚ್ಚಿ ಹಾಕಿ, ಸೊಪ್ಪು, ದ್ರಾಕ್ಷಿ, ಅಕ್ರೋಟು ಜಾಸ್ತಿ ಮಾಡಿ, ಉಪ್ಪು ನೋಡಿ, ಐಸ್ ತುಂಡು ಬಿಡಿ. ಅವರು ಇದಕ್ಕೆ ಒಣಗಿದ ಲವಾಶ್ ರೊಟ್ಟಿ ಮುರಿದು ಹಾಕುತ್ತಾರೆ. ನಾನು ಊರಿನಿಂದ ಬಂದ ಖಡಕ್ ಜೋಳದ ರೊಟ್ಟಿ ಹಾಕುತ್ತೇನೆ. ಲವಾಶ್ ಬೇಗ ಮುದ್ದೆಯಾಗುತ್ತದೆ, ಖಡಕ್ ರೊಟ್ಟಿ ಕೊನೆಯ ಚಮಚದವರೆಗೂ ಸ್ವಲ್ಪ ಗರಿ ಉಳಿಸಿಕೊಳ್ಳುತ್ತದೆ. ಖಾನೂಮ್ ಈಗ ಬೇಸಿಗೆ ಬಂತೆಂದರೆ ಆ ರೊಟ್ಟಿ ಕೇಳಿ ಕಳಿಸುತ್ತಾರೆ. ರೊಟ್ಟಿಯನ್ನು ಮೊದಲೇ ಪಾತ್ರೆಗೆ ಹಾಕಿಡಬೇಡಿ. ತಟ್ಟೆಯಲ್ಲಿ ಪಕ್ಕಕ್ಕಿಡಿ, ಅವರವರ ಬಟ್ಟಲಿಗೆ ಅವರವರೇ ಮುರಿದುಕೊಳ್ಳಲಿ.